ಉಮದಿಯಲ್ಲಿ ಮೊದಲ ದಿನ

ವಿಜಯಪುರದಿಂದ ಪಂಢರಪುರದ ದಾರಿ ಹಿಡಿದರೆ ಕರ್ನಾಟಕ ಮುಗಿದದ್ದು ಹೊಲ ನೋಡಿ ತಿಳಿಯುವುದಿಲ್ಲ, ಬೋರ್ಡು ನೋಡಿಯೇ ತಿಳಿಯಬೇಕು. ಅದೇ ಬಯಲು, ಅದೇ ಜಾಲಿ. "ಗಡಿ ಎಲ್ಲಿ ಬರ್ತದ ಸರ್?" ಎಂದು ವಿದ್ಯಾರ್ಥಿನಿಯೊಬ್ಬಳು ಕೇಳುವ ಹೊತ್ತಿಗೆ ಅದು ಹಿಂದೆ ಬಿದ್ದಿತ್ತು.

ಎಂ.ಎ. ಕನ್ನಡದ ಹುಡುಗರನ್ನು ಕಟ್ಟಿಕೊಂಡು ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಉಮದಿಗೆ ನಾನು ಹೋದದ್ದು ಮಾರ್ಚ್ ತಿಂಗಳಲ್ಲಿ. ಅವರ ವಹಿಯಲ್ಲಿ ಪ್ರಶ್ನೆಗಳು ಸಾಲಾಗಿದ್ದವು: 1956ರ ರಾಜ್ಯ ಪುನರ್ವಿಂಗಡಣೆ, ಗಡಿ ವಿವಾದದ ಮೇಲಿನ 1967ರ ಮಹಾಜನ ವರದಿ, ನೀವು ಯಾವ ಕಡೆ?

ಚಹಾದಂಗಡಿಯ ಹಿರಿಯರು ಮೊಮ್ಮಗನನ್ನು ಕನ್ನಡದಲ್ಲಿ ಗದರಿ, ಎಸ್.ಟಿ. ಕಂಡಕ್ಟರನಿಗೆ ಮರಾಠಿಯಲ್ಲಿ ಚಿಲ್ಲರೆ ಕೊಟ್ಟು, ನಮ್ಮತ್ತ ತಿರುಗಿದರು. "ಯಾ ಊರವ್ರಿ? ಕುಂಡ್ರಿ, ಮೊದ್ಲ ಚಾ ಕುಡೀರಿ." ಹುಡುಗನೊಬ್ಬ ತಡೆಯಲಾರದೆ ಮೂರನೆಯ ಪ್ರಶ್ನೆಯನ್ನೇ ಮೊದಲು ಕೇಳಿದ. "ನೀರ್ ಯಾರ್ ಕೊಡ್ತಾರ ಹೇಳ್ರಿ ತಮ್ಮಾ, ಆಮ್ಯಾಲ ಮಾತಾಡೋಣು" ಎಂದರು.

ಅದು ಜಾರಿಕೆಯ ಉತ್ತರವಲ್ಲ. 2022ರ ಕೊನೆಯಲ್ಲಿ ಜತ್ತದ ಹಳ್ಳಿಗಳು ಕರ್ನಾಟಕ ಸೇರುವ ಮಾತೆತ್ತಿದ್ದು ನೀರಿಗಾಗಿಯೇ. ಆಗ ಕರ್ನಾಟಕದ ತುಬಚಿ-ಬಬಲೇಶ್ವರ ಯೋಜನೆಯ ನೀರು ಈ ತಾಲೂಕಿನ ತಿಕ್ಕುಂಡಿಯತ್ತ ಹರಿಯಿತು. ಅತ್ತ ಮಹಾರಾಷ್ಟ್ರವೂ ಮ್ಹೈಸಾಳ ಏತ ನೀರಾವರಿಯ ವಿಸ್ತರಣೆಗೆ ಅವಸರ ಮಾಡಿತು. ಇಲ್ಲಿ ನೀರಿನ ರಾಜಕಾರಣ ಹಳೆಯದು. 1673ರಲ್ಲಿ ಇದೇ ತಾಲೂಕಿನ ಉಮರಾಣಿಯಲ್ಲಿ ಮರಾಠರ ಪ್ರತಾಪರಾವ ಗುಜರ್ ವಿಜಾಪುರದ ಬಹಲೋಲ್ ಖಾನನ ಸೈನ್ಯವನ್ನು ಮಣಿಸಿದ್ದು ನೀರಿನ ದಾರಿ ಕಟ್ಟಿ.

ಮಧ್ಯಾಹ್ನ ಒಣದ್ರಾಕ್ಷಿಯ ಶೆಡ್ಡಿಗೆ ಹೋದೆವು. ನನ್ನ ಮಟ್ಟಿಗೆ ಆ ದಿನದ ದೊಡ್ಡ ಪಾಠ ಅಲ್ಲೇ ಆಯಿತು. ದ್ರಾಕ್ಷಿ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೋನೇಟ್ ಮತ್ತು ಡಿಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ಮೇಲಿಂದ ಮೇಲೆ ಕಟ್ಟಿದ ಬಲೆಗಳ ಮೇಲೆ ನೆರಳಿನಲ್ಲಿ ಹರಡುತ್ತಾರೆ. ಸಿಪ್ಪೆಯ ಮೇಲಿನ ಮೇಣ ಸಡಿಲಗೊಂಡು ಒಳಗಿನ ತೇವ ಬೇಗ ಹೊರಬೀಳುತ್ತದೆ. ಎರಡು ವಾರದ ಆಸುಪಾಸಿನಲ್ಲಿ ಸರಕು ಸಿದ್ಧ. ಸುಮಾರು 4 ಕಿಲೋ ಹಣ್ಣಿಗೆ 1 ಕಿಲೋ ಒಣದ್ರಾಕ್ಷಿ. "ಈ ಒಣ ಗಾಳಿ ಇಲ್ಲಾಂದ್ರ ಮಾಲಿಗೆ ಬಣ್ಣ ಬರೂದಿಲ್ರೀ" ಎಂದರು ಕೆಲಸದಲ್ಲಿದ್ದ ಅಕ್ಕ. ಬಾವಿ ಬತ್ತಿಸುವ ಗಾಳಿಯೇ ಇಲ್ಲಿ ಅನ್ನ ಕೊಡುತ್ತದೆ. ಬರಗಾಲದ ನಾಡು ಎಂದು ಬರೆದುಕೊಂಡಿದ್ದ ಹುಡುಗಿ ಆ ಸಾಲನ್ನು ಹೊಡೆದುಹಾಕಲಿಲ್ಲ, ಕೆಳಗೆ ಇನ್ನೊಂದು ಸೇರಿಸಿದಳು.

ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಮಕ್ಕಳ ಪುಸ್ತಕ ತಿರುವಿದೆವು. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಪುಣೆಯ ಬಾಲಭಾರತಿಯದು; ನಾಲ್ಕನೆಯ ತರಗತಿಯ ಶಿವಾಜಿ ಚರಿತ್ರೆ ಅಚ್ಚ ಕನ್ನಡದಲ್ಲಿ. ನಮ್ಮವರಿಗೆ ಇದು ಸೋಜಿಗ, ಮಕ್ಕಳಿಗೆ ನಮ್ಮ ಸೋಜಿಗವೇ ತಮಾಷೆ.

ಸಂಜೆ ಸಂತ ಭಾವೂಸಾಹೇಬ ಮಹಾರಾಜರ ಮಾತು ಬಂತು. 1843ರಲ್ಲಿ ಈ ಊರಿನ ದೇಶಪಾಂಡೆ ಮನೆತನದಲ್ಲಿ ಹುಟ್ಟಿದವರು. ಅವರ ಇಂಚಗೇರಿ ಮಠ ಈಗ ಕರ್ನಾಟಕದಲ್ಲಿದೆ. ಜಮಖಂಡಿಯ ಗುರುದೇವ ರಾನಡೆ ಭಾವೂಸಾಹೇಬರಿಂದ ದೀಕ್ಷೆ ಪಡೆದದ್ದು 1901ರಲ್ಲಿ. ಇನ್ನೊಬ್ಬ ಶಿಷ್ಯ ಸಿದ್ಧರಾಮೇಶ್ವರರ ಮೂಲಕ ಈ ಪರಂಪರೆ ಮುಂಬಯಿಯ ನಿಸರ್ಗದತ್ತ ಮಹಾರಾಜರಿಗೆ ಮುಟ್ಟಿ, ವಿದೇಶಿಯರನ್ನೂ ಅವರ ಓಣಿಯ ಮನೆಗೆ ಎಳೆತಂದಿತು. ಹೊರಡುವ ಮುಂಚೆ ನಮ್ಮ ತಂಡದಲ್ಲಿ ಯಾರೊಬ್ಬರ ವಹಿಯಲ್ಲೂ ಭಾವೂಸಾಹೇಬರ ಹೆಸರಿರಲಿಲ್ಲ. ಗಡಿ ಎಂದರೆ ಜಗಳ ಮಾತ್ರ ಎಂದು ಪಾಠ ಮಾಡುವ ನಮ್ಮಂಥವರ ಕೊಡುಗೆ ಅದು.

ವಿದ್ಯಾರ್ಥಿಗಳನ್ನು ಇತ್ತ ಕರೆತರುವ ಮಾಸ್ತರುಗಳಿಗೆ ಹೇಳುವುದಿಷ್ಟು. ಮೊದಲ ದಿನ ಪ್ರಶ್ನಾವಳಿ ಹೊರತೆಗೆಯಬೇಡಿ. ದ್ರಾಕ್ಷಿ ಒಣಗಿಸುವ ಹಂಗಾಮಿನಲ್ಲಿ, ಶಾಲೆಗೆ ರಜೆ ಬೀಳುವ ಮುಂಚೆ ಬನ್ನಿ. ಮುಖ್ಯ ಗುರುಗಳಿಗೆ ಮೊದಲೇ ತಿಳಿಸಿ. ಬೇಡವೆಂದರೂ ಇಲ್ಲಿಯ ಜನ ರೊಟ್ಟಿ, ಶೇಂಗಾ ಚಟ್ನಿ ಬಡಿಸಿಯೇ ಕಳಿಸುತ್ತಾರೆ, ಉಣ್ಣಿರಿ. ಕುಡಿಯುವ ನೀರನ್ನು ಮಾತ್ರ ನಿಮ್ಮ ಬಸ್ಸಿನಲ್ಲೇ ತನ್ನಿರಿ.