ಲೈಕು ಬಂತು, ಗಲ್ಲಾಪೆಟ್ಟಿಗೆಗೆ ಏನು ಬಂತು?

ಎ. ರಾಮ ನಾಯಕ್ ಅವರು 1942ರಲ್ಲಿ ಮುಂಬೈಯ ಮಾಟುಂಗದಲ್ಲಿ ಶುರುಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ಗೆ ಹೆಸರು ತಂದುಕೊಟ್ಟದ್ದು ಉಂಡು ಹೋದವರ ಬಾಯಿಮಾತು. ಅದಕ್ಕೆ ಖರ್ಚೂ ಇರಲಿಲ್ಲ, ಲೆಕ್ಕವೂ ಇರಲಿಲ್ಲ. ಈಗ ಪಕ್ಕದ ಸಯನ್‌ನಲ್ಲಿ ತಿಂಡಿ ಅಂಗಡಿಯ ಕೌಂಟರಿಗೆ ಹೊಸದಾಗಿ ಕೂತ ಹುಡುಗ ಇನ್‌ಸ್ಟಾಗ್ರಾಂ ರೀಲ್‌ಗೆ ದುಡ್ಡು ಹಾಕುತ್ತಾನೆ. ಅಪ್ಪ ಕೇಳುವುದು ಒಂದೇ ಮಾತು: ‘ಅದರಿಂದ ಬಂದದ್ದೆಷ್ಟು?’ ಈ ಪ್ರಶ್ನೆಗೆ ಉತ್ತರ ಹುಡುಕುವ ಬಗೆಯನ್ನು ಹಂತ ಹಂತವಾಗಿ ನೋಡೋಣ.

ಮೊದಲು ಅಂಕಿಗಳ ಪರಿಚಯ

ರೀಚ್ ಎಂದರೆ ನಿಮ್ಮ ಪೋಸ್ಟ್ ಎಷ್ಟು ಖಾತೆಗಳಿಗೆ ತಲುಪಿತು ಎಂಬ ಲೆಕ್ಕ. ವ್ಯೂಸ್ ಎಂದರೆ ಎಷ್ಟು ಸಲ ನೋಡಲಾಯಿತು ಎಂಬುದು. ಒಬ್ಬರೇ ಮೂರು ಸಲ ನೋಡಿದರೆ ರೀಚ್ ಒಂದು, ವ್ಯೂಸ್ ಮೂರು. ಲೈಕ್, ಕಾಮೆಂಟ್, ಶೇರ್‌ಗಳು ನೋಡಿದವರ ಆಸಕ್ತಿಯನ್ನು ಹೇಳುತ್ತವೆ. ಫೋನ್ ಮಾಡಿದ್ದು, ಮ್ಯಾಪ್‌ನಲ್ಲಿ ದಾರಿ ಕೇಳಿದ್ದು, ವಾಟ್ಸಾಪ್‌ಗೆ ಮೆಸೇಜ್ ಹಾಕಿದ್ದು ಇನ್ನೊಂದು ಹೆಜ್ಜೆ ಮುಂದೆ. ಕೊನೆಯದು ಬಿಲ್ಲು. ಇದನ್ನು ಇನ್‌ಸ್ಟಾಗ್ರಾಂ ತೋರಿಸುವುದಿಲ್ಲ, ನೀವೇ ಬರೆದಿಡಬೇಕು.

ಇನ್‌ಸ್ಟಾಗ್ರಾಂನ ಇನ್‌ಸೈಟ್ಸ್‌ನಲ್ಲಿ ಯಾವ ಊರಿನವರು ಎಂಬ ವಿವರವನ್ನು ತಪ್ಪದೆ ನೋಡಿ. ಕನ್ನಡದಲ್ಲಿ ಮಾತಾಡಿದ ರೀಲನ್ನು ಉಡುಪಿ, ಮಂಗಳೂರು, ದುಬೈಯವರು ಮುಗಿಬಿದ್ದು ನೋಡಬಹುದು. ಸಂತೋಷವೇ. ಆದರೆ ಅವರು ಸಂಜೆ ಸಯನ್‌ಗೆ ಬಂದು ಗೋಳಿಬಜೆ ತಿನ್ನುವವರಲ್ಲ.

ಬಂದವರಿಗೆ ಗುರುತು

ಯಾರು ಏನು ನೋಡಿ ಬಂದರು ಎಂದು ತಿಳಿಯಲು ಸಲೀಸಾದ ದಾರಿಗಳಿವೆ. ವಾಟ್ಸಾಪ್ ಬಿಸಿನೆಸ್ ಆ್ಯಪ್‌ನಲ್ಲಿ ನಿಮ್ಮದೇ ಲಿಂಕ್ ಮಾಡಿಕೊಳ್ಳಬಹುದು. ಅದನ್ನು ಒತ್ತಿದವರಿಗೆ ‘ಭಾನುವಾರದ ಬನ್ಸ್ ಬೇಕು’ ಎಂಬ ಮೆಸೇಜ್ ಮೊದಲೇ ಬರೆದಿರುತ್ತದೆ. ಆ ಲಿಂಕನ್ನು ಜಾಹೀರಾತಿನಲ್ಲಿ ಮಾತ್ರ ಹಾಕಿದರೆ, ಅದೇ ಸಾಲಿನೊಂದಿಗೆ ಬಂದವರು ಎಲ್ಲಿಂದ ಬಂದರೆಂದು ಗೊತ್ತಾಗುತ್ತದೆ. ಅವರಿಗೆ ‘ರೀಲ್’ ಎಂದೊಂದು ಲೇಬಲ್ ಹಾಕಿಡಿ. ಅಂಗಡಿಗೇ ಬಂದವರನ್ನು ಬಿಲ್ ಮಾಡುವಾಗ ‘ಮೊದಲ ಸಲವಾ? ಹೇಗೆ ಗೊತ್ತಾಯಿತು?’ ಎಂದು ಕೇಳಿ, ಪುಸ್ತಕದಲ್ಲಿ ಗೆರೆ ಎಳೆಯಿರಿ. ಹಳೇ ಗಿರಾಕಿ, ಹೊಸ ಗಿರಾಕಿ ಎಂದು ಬೇರೆ ಬೇರೆ ಕಾಲಂ ಇರಲಿ.

ಈಗ ಲೆಕ್ಕ

ಅರ್ಥವಾಗಲೆಂದು ಒಂದು ಊಹೆಯ ಲೆಕ್ಕ ಹಾಕೋಣ. ಜಾಹೀರಾತಿಗೆ 4,000 ರೂಪಾಯಿ ಹಾಕಿದಿರಿ. ಅದರ ಮೇಲೆ 18% ಜಿಎಸ್‌ಟಿ, ಅಂದರೆ 720. ಹೋಟೆಲು 5% ಜಿಎಸ್‌ಟಿ ಪದ್ಧತಿಯಲ್ಲಿದ್ದರೆ ಈ 720ಕ್ಕೆ ಇನ್‌ಪುಟ್ ಕ್ರೆಡಿಟ್ ಸಿಗದು, ಪೂರ್ತಿ ಕೈಯಿಂದಲೇ ಹೋಗುತ್ತದೆ. ವಿಡಿಯೊ ಮಾಡಿದವನಿಗೆ 3,000. ಒಟ್ಟು 7,720.

ರೀಲ್ ನೋಡಿ ಬಂದವರ ಬಿಲ್ಲು 60, ಸರಾಸರಿ 250 ರೂಪಾಯಿ. ವ್ಯಾಪಾರ 15,000! ಹಾಕಿದ್ದರ ಹತ್ತಿರ ಹತ್ತಿರ ಎರಡರಷ್ಟು ಎಂದು ಹಿಗ್ಗಬೇಡಿ. ದಿನಸಿ, ಗ್ಯಾಸ್, ಪ್ಯಾಕಿಂಗ್ ಕಳೆದು ಒಂದು ಬಿಲ್ಲಿನಲ್ಲಿ ಉಳಿಯುವುದು 120 ಎಂದಿಟ್ಟುಕೊಳ್ಳಿ. 60 ಜನರಲ್ಲಿ 20 ಮಂದಿ ಹಳಬರು, ರೀಲ್ ಇಲ್ಲದಿದ್ದರೂ ಬರುತ್ತಿದ್ದವರು. ಹೊಸಬರು 40. ಅವರಿಂದ ಉಳಿದದ್ದು 4,800. ಮೊದಲ ತಿಂಗಳಿಗೆ 2,920 ರೂಪಾಯಿ ನಷ್ಟ.

ಇಲ್ಲಿಗೇ ನಿಲ್ಲಿಸಿದರೂ ತಪ್ಪು. ಆ 40ರಲ್ಲಿ 10 ಮಂದಿ ಮುಂದಿನ ಮೂರು ತಿಂಗಳು, ತಿಂಗಳಿಗೆರಡು ಸಲ ಬಂದರೆ 60 ಬಿಲ್ಲು, 7,200 ರೂಪಾಯಿ. ಒಟ್ಟು ಉಳಿಕೆ 12,000. ಖರ್ಚು ಕಳೆದರೆ ಲಾಭ 4,280, ಹಾಕಿದ ದುಡ್ಡಿನ ಮೇಲೆ ಸುಮಾರು 55%. ಇದನ್ನೇ ಆರ್‌ಒಐ ಎನ್ನುವುದು. ನಷ್ಟವನ್ನು ಲಾಭ ಮಾಡಿದ್ದು ಎರಡನೇ ಸಲ ಬಂದವರು. ಆದ್ದರಿಂದ ಮರಳಿ ಬಂದವರ ಎಣಿಕೆ ಲೈಕಿಗಿಂತ ಬೆಲೆಯುಳ್ಳದ್ದು.

ಯಾರಿಂದ ಬಂದ ಗಿರಾಕಿ?

ಪುಸ್ತಕದಲ್ಲಿ ಗೆರೆ ಎಳೆಯದೆ, ಬರೀ ಒಟ್ಟು ವ್ಯಾಪಾರ ನೋಡಿ ತೀರ್ಮಾನಿಸಿದರೆ ಮೋಸಹೋಗುತ್ತೀರಿ. ಹತ್ತಿರದ ಕಿಂಗ್ಸ್ ಸರ್ಕಲ್‌ನಲ್ಲಿ ಜಿಎಸ್‌ಬಿ ಸೇವಾ ಮಂಡಲ 1955ರಿಂದ ನಡೆಸಿಕೊಂಡು ಬಂದಿರುವ ಗಣೇಶೋತ್ಸವದ ಐದು ದಿನ ಆ ಸುತ್ತೆಲ್ಲ ಜನವೋ ಜನ. ಅದೇ ವಾರ ಜಾಹೀರಾತು ಹಾಕಿದರೆ ಗಣಪತಿ ಕರೆತಂದ ಗಿರಾಕಿಯನ್ನು ರೀಲಿನ ಲೆಕ್ಕಕ್ಕೆ ಬರೆದುಕೊಳ್ಳುತ್ತೀರಿ. ಉಲ್ಟಾ ಕೂಡ ಆಗುತ್ತದೆ. 1912ರ ಸಯನ್ ರೈಲ್ವೆ ಮೇಲ್ಸೇತುವೆಯನ್ನು ಕೆಡವಲೆಂದು 2024ರ ಆಗಸ್ಟ್ 1ರಿಂದ ವಾಹನ ಸಂಚಾರಕ್ಕೆ ಮುಚ್ಚಲಾಯಿತು. ಇಂಥ ಹೊತ್ತಿನಲ್ಲಿ ಸೇತುವೆಯ ಪಶ್ಚಿಮ ಬದಿಯಿಂದ ಬರುವವರು ಕಡಿಮೆಯಾದರೆ ದೂರಬೇಕಾದ್ದು ರೀಲನ್ನಲ್ಲ. ದುರಸ್ತಿಗೆಂದು ರೈಲು ತಗ್ಗಿಸುವ ಭಾನುವಾರದ ಮೆಗಾ ಬ್ಲಾಕ್, ಜುಲೈ ಮಳೆಗೂ ಇದೇ ಮಾತು. ಹಬ್ಬವಿಲ್ಲದ, ದಾರಿ ಸರಿಯಿರುವ ಎರಡು ಬಿಡಿ ವಾರಗಳನ್ನು ಆರಿಸಿ, ಒಂದರಲ್ಲಿ ಜಾಹೀರಾತು ಹಾಕಿ, ಇನ್ನೊಂದರಲ್ಲಿ ಬಿಟ್ಟು, ಹೋಲಿಸಿ.

ಶುರುಮಾಡುವವರಿಗೆ

ಒಂದೇ ತಿಂಡಿ, ಒಂದೇ ಜಾಹೀರಾತು ಸಾಕು. ಸಯನ್‌ನಿಂದ ಮೂರು ಕಿಲೋಮೀಟರ್ ಒಳಗಿನವರಿಗೆ ಮಾತ್ರ ಕಾಣುವಂತೆ ಇಡಿ. ಹಾಕುವ ಮುಂಚೆಯೇ ಎರಡು ಅಂಕಿ ಬರೆದುಕೊಳ್ಳಿ: ಒಬ್ಬ ಹೊಸ ಗಿರಾಕಿಗೆ ಎಷ್ಟು ಖರ್ಚು ಮಾಡಬಲ್ಲಿರಿ, ಎಷ್ಟು ತಿಂಗಳು ಕಾಯಬಲ್ಲಿರಿ. ಮೇಲಿನ ಲೆಕ್ಕದಲ್ಲಿ ಒಬ್ಬ ಹೊಸಬನಿಗೆ ಬಿದ್ದ ಖರ್ಚು 193 ರೂಪಾಯಿ. ಅವನು ಒಮ್ಮೆ ಬಂದು ಹೋದರೆ ನಷ್ಟ, ಎರಡು ಸಲ ಬಂದರೆ ಲಾಭ. ವಾಯಿದೆ ಮುಗಿದ ದಿನ ಲೈಕು ಎಷ್ಟೇ ಇರಲಿ, ಪುಸ್ತಕ ಹೇಳಿದಂತೆ ಮುಂದುವರಿಸಿ ಇಲ್ಲವೇ ನಿಲ್ಲಿಸಿ.