ಬಿಟ್ಟ ಪಾಠ ಯಾವುದೆಂದು ಕೇಳಿ

ಪ್ರಶ್ನೆ: ನಾನು ಧಾರವಾಡದವಳು. ನೀನಾಸಂನಲ್ಲಿ ಡಿಪ್ಲೊಮಾ ಮುಗಿಸಿದೆ. ಮದುವೆಯಾಗಿ ಸೂರತ್ತಿನ ಉಧ್ನಾಕ್ಕೆ ಬಂದ ಮೇಲೆ ಖಾಸಗಿ ಶಾಲೆಯೊಂದರಲ್ಲಿ ನಾಟಕ ಕಲಿಸುತ್ತಿದ್ದೇನೆ. ಎಂಟರಿಂದ ಹತ್ತನೇ ತರಗತಿವರೆಗಿನ ರಂಗಕಲೆಯ ಪಠ್ಯಕ್ರಮವನ್ನು ಶಿಕ್ಷಕರ ಅಭಿಪ್ರಾಯ ಪಡೆದು ಪರಿಷ್ಕರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಫಾರಂ ಹಂಚಿದೆ. ಅರ್ಧಕ್ಕರ್ಧ ಮಂದಿ ‘ಸರಸ್ ಛೆ’ (ಚೆನ್ನಾಗಿದೆ) ಎಂದಷ್ಟೇ ಬರೆದಿದ್ದಾರೆ. ಒಬ್ಬರು ಥಿಯರಿ ಹೆಚ್ಚಿಸಿ ಅಂದರೆ ಇನ್ನೊಬ್ಬರು ತೆಗೆದೇಬಿಡಿ ಅನ್ನುತ್ತಾರೆ. ಗಣಿತದ ಮೇಷ್ಟ್ರು ಹತ್ತನೆಯವರಿಗೆ ನಾಟಕವೇ ಬೇಡ ಎಂದಿದ್ದಾರೆ. ಪ್ರಿನ್ಸಿಪಾಲರಿಗೆ ವಾರ್ಷಿಕೋತ್ಸವದ ನಾಟಕಕ್ಕೇ ಅಂಕ ಕೊಟ್ಟು ಮುಗಿಸುವ ಆಸೆ. ಹಳೆಯ ಪಠ್ಯಕ್ರಮ ಬರೆದ ಹಿರಿಯ ಶಿಕ್ಷಕಿ ನನ್ನೊಡನೆ ಮಾತು ಕಡಿಮೆ ಮಾಡಿದ್ದಾರೆ. ಎಲ್ಲಿಂದಲೋ ಬಂದವಳು ತನ್ನೂರಿನದನ್ನು ಹೇರುತ್ತಾಳೆ ಅಂದುಕೊಂಡಾರೇನೋ. ಯಾರ ಮಾತು ಕೇಳಲಿ?

ಉತ್ತರ: ಎಲ್ಲರ ಮಾತನ್ನೂ ಕೂಡಿಸಿ ಭಾಗಿಸಲು ಮಾತ್ರ ಹೋಗಬೇಡಿ. ಥಿಯರಿ ಬೇಕೆನ್ನುವವರಿಗೂ ಬೇಡವೆನ್ನುವವರಿಗೂ ನಡುವೆ ಹುಡುಕಿದರೆ ಅರ್ಧ ಥಿಯರಿ ಸಿಗುತ್ತದೆ. ಅದು ಇಬ್ಬರಿಗೂ ಬೇಡ.

ನಿಮ್ಮ ಫಾರಂ ‘ಪಠ್ಯಕ್ರಮ ಹೇಗಿದೆ?’ ಎಂದು ಕೇಳಿರಬೇಕು. ಬರೆದವರು ಪಕ್ಕದ ಕುರ್ಚಿಯಲ್ಲೇ ಕೂತಿರುವಾಗ ಚೆನ್ನಾಗಿದೆ ಅನ್ನದೆ ಇನ್ನೇನು ಅಂದಾರು? ಫಾರಂ ಬದಿಗಿಡಿ. ನಾಟಕದ ಪೀರಿಯಡ್ ತೆಗೆದುಕೊಳ್ಳುವವರ ಬಳಿ ಒಬ್ಬೊಬ್ಬರಾಗಿ ಕೂತು, ಕಳೆದ ವರ್ಷ ಯಾವ ಪಾಠ ಬಿಟ್ಟಿರಿ, ಏಕೆ ಬಿಟ್ಟಿರಿ ಎಂದು ಕೇಳಿ. ಬೆಂಚು ಸರಿಸುವಷ್ಟರಲ್ಲಿ ಹೊತ್ತು ಹೋಯಿತು, ಪಕ್ಕದ ಕ್ಲಾಸಿನವರು ಗದ್ದಲ ಅಂತ ಬಾಗಿಲು ಬಡಿದರು, ಹಾಲ್ ಸಿಗಲಿಲ್ಲ, ಅಂಕ ಹಾಕುವುದು ಹೇಗೆಂದು ತಿಳಿಯಲಿಲ್ಲ ಎಂಬಂಥ ಮಾತು ಆಗ ಹೊರಬರುತ್ತದೆ. ಪಠ್ಯಕ್ರಮ ತಿದ್ದಲು ಬೇಕಾದ್ದು ಇಷ್ಟೇ. ಥಿಯರಿ ಹೆಚ್ಚಿಸಿ ಎಂದವರಿಗೂ, ಕ್ಲಾಸಿನಷ್ಟೂ ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿದ ಮೇಲೆ ಮುಂದೇನು ಎಂಬ ದಿಗಿಲೇ ಇರಬಹುದು. ರಸಸಿದ್ಧಾಂತದ ಮೇಲೆ ಇನ್ನೊಂದು ಅಧ್ಯಾಯ ಕೊಟ್ಟು ಆ ದಿಗಿಲು ಹೋಗಿಸಲಾಗದು. ಬೆಂಚು ಸರಿಸದೆ ಒಂದು ಪೀರಿಯಡ್‌ನಲ್ಲಿ ಮಾಡಿಸಬಹುದಾದ ಆಟಗಳನ್ನು ಬರೆದುಕೊಡಿ.

ಹಾಗೆಯೇ ಮಕ್ಕಳನ್ನೂ ನೋಡಿ. ಟ್ಯಾಗೋರರ ಗಿಳಿಯ ಕಥೆಯಿಂದ ಬಿ.ವಿ. ಕಾರಂತರು ಮಾಡಿದ ‘ಪಂಜರ ಶಾಲೆ’ ನಿಮಗೆ ಗೊತ್ತೇ ಇದೆ. ಗಿಳಿಯ ವಿದ್ಯಾಭ್ಯಾಸ ಭರ್ಜರಿ ನಡೆದಿದೆಯೆಂದು ಎಲ್ಲರೂ ವರದಿ ಒಪ್ಪಿಸುತ್ತಾರೆ, ಗಿಳಿ ಹೇಗಿದೆಯೆಂದು ಯಾರೂ ನೋಡುವುದಿಲ್ಲ.

ಉಧ್ನಾ ಪವರ್‌ಲೂಮುಗಳ ಊರು. ಒಡಿಶಾದ ಗಂಜಾಂನಿಂದ, ಖಾನದೇಶದಿಂದ, ಉತ್ತರ ಪ್ರದೇಶ, ಬಿಹಾರದಿಂದ ದುಡಿಯಲು ಬಂದವರ ಮಕ್ಕಳು ಅಲ್ಲಿದ್ದಾರೆ. ಸೂರತ್ ನಗರಪಾಲಿಕೆಯೇ ಗುಜರಾತಿಯ ಜೊತೆಗೆ ಮರಾಠಿ, ಹಿಂದಿ, ಉರ್ದು, ಒಡಿಯಾ, ತೆಲುಗು ಮಾಧ್ಯಮದ ಶಾಲೆಗಳನ್ನು ನಡೆಸುತ್ತದೆ. ನಿಮ್ಮ ಕ್ಲಾಸಿನಲ್ಲೂ ಮನೆಮಾತು ನಾಲ್ಕೈದಾದರೂ ಇದ್ದೀತು. ಮಾತುಗಾರಿಕೆಗೇ ಅಂಕ ಹೆಚ್ಚಿಟ್ಟರೆ ಶಾಲೆಯ ಭಾಷೆ ಸಲೀಸಾಗಿ ಆಡುವವನೇ ಪ್ರತಿಸಲ ರಾಜ, ಉಳಿದವರು ಭಟರು, ಮರಗಳು. ಎಂಟನೇ ತರಗತಿಯನ್ನು ಮೂಕಾಭಿನಯ, ತಾಳ, ಗುಂಪಿನ ಚಲನೆಯಿಂದ ಶುರು ಮಾಡಿ. ಮಗ್ಗದ ಸದ್ದು ಬಾಯಲ್ಲಿ ಹೊರಡಿಸಲು ಆ ಮಕ್ಕಳಿಗೆ ನೀವು ಕಲಿಸಬೇಕಾಗಿಲ್ಲ.

ಇನ್ನು ಹಿರಿಯ ಶಿಕ್ಷಕಿ. ನಿಮ್ಮ ಕಾಗದದಲ್ಲಿ ನಿಜವಾಗಿ ನೋಯುತ್ತಿರುವುದು ಇದೇ ಅನ್ನಿಸಿತು. ಅವರ ಬಳಿ ಹೋಗಿ, ಗುಜರಾತಿನ ಜಾನಪದ ನಾಟಕವಾದ ಭವಾಯಿಯ ಘಟಕ ನೀವೇ ಬರೆದುಕೊಡಬೇಕು ಎಂದು ಕೇಳಿ. ನೆಪಕ್ಕಲ್ಲ, ಆ ಕೆಲಸ ನಿಮ್ಮಿಂದ ಆಗುವುದೂ ಇಲ್ಲ. ಹದಿನಾಲ್ಕನೇ ಶತಮಾನದ ಅಸಾಯಿತ ಠಾಕರ್‌ನ ಹೆಸರಿನಲ್ಲಿ ಬಂದಿರುವ ಈ ಆಟ, ಅದರ ಭೂಂಗಳವೆಂಬ ಕಹಳೆಯ ಮೊಳಗು, ರಂಗಲೋ ಎಂಬ ವಿದೂಷಕ ಅವರಿಗೆ ಚಿಕ್ಕಂದಿನಿಂದ ಪರಿಚಿತವಿದ್ದಾವು. ಯಕ್ಷಗಾನದ ಹಾಸ್ಯಗಾರನನ್ನು ಕಂಡ ನಿಮಗೂ ರಂಗಲೋ ಬೇಗ ಒಗ್ಗುತ್ತಾನೆ. ಇನ್ನು ಗುಜರಾತಿ ನಾಟಕಕಾರ ಚಂದ್ರವದನ ಮೆಹ್ತಾ 1901ರಲ್ಲಿ ಹುಟ್ಟಿದ್ದು ಸೂರತ್ತಿನಲ್ಲೇ. ರೈಲ್ವೆ ಕೆಲಸಗಾರರ ಬದುಕಿನ ಮೇಲೆ ಅವರು ಬರೆದ ‘ಆಗಗಾಡಿ’ಯ ಒಂದು ದೃಶ್ಯವನ್ನು, ಜಳಗಾಂವ್ ಮಾರ್ಗ ಕವಲೊಡೆಯುವ ಉಧ್ನಾ ಜಂಕ್ಷನ್ನಿನ ಮಕ್ಕಳು ಆಡದಿದ್ದರೆ ಇನ್ಯಾರು ಆಡಬೇಕು? ಇವೆರಡು ಒಳಗೆ ಬಂದ ಮೇಲೆ ವೈದೇಹಿಯವರ ಮಕ್ಕಳ ನಾಟಕವೊಂದನ್ನು, ಅನುಮತಿ ಪಡೆದು, ಹಿಂದಿಗೆ ತಂದು ಸೇರಿಸಿ. ಹೇರಿಕೆ ಎಂಬ ಮಾತು ಆಗ ಹುಟ್ಟಲಾರದು.

ಗಣಿತದ ಮೇಷ್ಟ್ರಿಗೆ ಬೋರ್ಡ್ ಪರೀಕ್ಷೆಯ ಚಿಂತೆ, ಅದು ಸಹಜ. ಆದರೆ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಹತ್ತನೆಯವರೆಗೆ ಕಲೆ ಕಡ್ಡಾಯವಿರಲಿ ಎಂದಿತ್ತು. 2020ರ ಶಿಕ್ಷಣ ನೀತಿಯೂ ಕಲೆಯನ್ನು ಪಠ್ಯೇತರವೆಂದು ದೂರವಿಡಬಾರದು ಎನ್ನುತ್ತದೆ. ತೆಗೆಯಬೇಡಿ, ಹತ್ತನೆಯವರ ಭಾಗವನ್ನು ದೀಪಾವಳಿ ರಜೆಗೆ ಮುಂಚೆ ಮುಗಿಯುವಂತೆ ಜೋಡಿಸಿ. ಪ್ರಿನ್ಸಿಪಾಲರ ಸಲಹೆಯನ್ನು ಮಾತ್ರ ನಾನಾದರೆ ಒಪ್ಪುತ್ತಿರಲಿಲ್ಲ. ನಿಮ್ಮ ಕಡೆಯ ವಾರ್ಷಿಕೋತ್ಸವದ ಗ್ಯಾದರಿಂಗ್ ನೆನಪಿಸಿಕೊಳ್ಳಿ: ಮುಖ್ಯ ಪಾತ್ರ ಸಿಕ್ಕವರು ಐದಾರು ಜನ, ಪರದೆ ಎಳೆದವನಿಗೆ ಯಾವ ಅಂಕ? ವರ್ಷದುದ್ದ ಪ್ರತಿ ಮಗು ಬರೆಯುವ ತಾಲೀಮಿನ ಡೈರಿಗೆ, ಗುಂಪಿನಲ್ಲಿ ಮಾಡಿದ ಕೆಲಸಕ್ಕೆ ಅಂಕವಿರಲಿ.

ಕರಡಿನ ಜೊತೆ ಒಂದು ಹಾಳೆ ಲಗತ್ತಿಸಿ: ಯಾವ ಸಲಹೆ ತೆಗೆದುಕೊಂಡೆ, ಯಾವುದನ್ನು ಬಿಟ್ಟೆ, ಏಕೆ. ಮೊದಲ ಟರ್ಮ್‌ನಲ್ಲಿ ಎಂಟನೆಯ ಒಂದೇ ವಿಭಾಗದಲ್ಲಿ ನಡೆಸಿ ನೋಡೋಣ ಎಂದು ಬರೆಯಿರಿ. ಸಭೆಗೆ ಮುಂಚೆ ಹಿರಿಯ ಶಿಕ್ಷಕಿಗೆ ಅದನ್ನು ತೋರಿಸಿ. ಅವರ ಹಳೆಯ ಪಠ್ಯಕ್ರಮದಿಂದ ಉಳಿಸಿಕೊಂಡದ್ದು ಏನೇನೆಂಬುದು ಮೊದಲ ಪುಟದಲ್ಲೇ ಇರಲಿ.