ಕಾರ್ಡ್ ಐತಿ, ಬೆಲ್ಟ್ ಇಲ್ಲ

ಅಕ್ಕಾ, ನಾವು ರಾಯಚೂರು ಕಡೆಯವ್ರು, ಬೆಂಗಳೂರಾಗ ಬಿಲ್ಡಿಂಗ್ ಕೆಲಸಕ್ಕ ಬಂದೀವಿ. ನಮ್ಮ ಮನಿಯವ್ರು ನಾಲ್ಕನೇ ಮಾಳಿಗಿ ಎತ್ತರದಾಗ ಸಾರ್ವೆ ಮ್ಯಾಲ ನಿಂತು ಹೊರಗಿನ ಪ್ಲಾಸ್ಟರಿಂಗ್ ಮಾಡ್ತಾರ. ಬೆಲ್ಟ್ ಕೇಳಿದ್ರ ಮೇಸ್ತ್ರಿ ‘ಹೆದರಿಕಿ ಇದ್ರ ಊರಿಗೆ ಹೋಗು’ ಅಂದ್ನಂತ. ‘ಲೇಬರ್ ಕಾರ್ಡ್ ಐತಲ್ಲ, ಏನಾದ್ರೂ ಆದ್ರ ಸರಕಾರ ಕೊಡ್ತದ’ ಅಂತ ಇವ್ರೂ ಸುಮ್ಮನಾಗ್ಯಾರ. ನನಗ ರಾತ್ರಿ ನಿದ್ದಿ ಹತ್ತವಲ್ದು.
– ಹೆಸರು ಬೇಡ

ತಂಗಿ, ನಿಮ್ಮ ಮನೆಯವರು ತಾವಾಗಿ ಬೆಲ್ಟ್ ಕೇಳಿದ್ದಾರೆ ಅಂದರೆ ಅವರಿಗೂ ಭಯವಿದೆ. ಕಾರ್ಡಿನ ಮಾತು ನಿಮ್ಮ ಸಮಾಧಾನಕ್ಕೆ ಆಡಿದ್ದು. ಅದಕ್ಕೇ ಜಗಳ ಬೇಡ.

ಕಾರ್ಡ್ ಬೇಕು, ನವೀಕರಣ ತಪ್ಪಿದ್ದರೆ ಈ ವಾರವೇ ಮಾಡಿಸಿ. ಕಟ್ಟಡದ ವೆಚ್ಚದ ಮೇಲೆ ಶೇ 1ರಂತೆ ವಸೂಲಾಗುವ ಸೆಸ್ ಹಣವೇ ಈ ಕಾರ್ಡ್ ಕೊಡುವ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಬರುವುದು. ಆದರೆ ಅದು ಬಿದ್ದ ಮೇಲಿನ ದುಡ್ಡು. ಬೀಳದಂತೆ ನೋಡಿಕೊಳ್ಳುವುದು ಕೆಲಸ ಕೊಟ್ಟವರ ಹೊಣೆ. ಕಾರ್ಡ್ ಹಂಚುವ ಹುರುಪು ಸಾರ್ವೆ ಹತ್ತಿ ನೋಡುವುದರಲ್ಲೂ ಸರ್ಕಾರಕ್ಕೆ ಇದ್ದಿದ್ದರೆ ನಿಮ್ಮ ಪತ್ರವೇ ಬರುತ್ತಿರಲಿಲ್ಲ.

ಕಟ್ಟಡ ಕಾರ್ಮಿಕರ ಹಳೆಯ 1996ರ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಕೆಲಸದ ಸ್ಥಳದ ಸುರಕ್ಷತೆಯ ಹೊಸ ಸಂಹಿತೆ ಬಂದಿದೆ. ಹತ್ತು ಜನಕ್ಕಿಂತ ಕಡಿಮೆಯಿಲ್ಲದ ಸೈಟುಗಳಿಗೆ ಅದು ಅನ್ವಯ. ಸುರಕ್ಷತೆಗೆಂದು ಕೊಟ್ಟ ಯಾವುದಕ್ಕೂ ಕೂಲಿಯಲ್ಲಿ ಮುರಿದುಕೊಳ್ಳುವ ಹಾಗಿಲ್ಲ. ಜೀವಕ್ಕೆ ಅಪಾಯ ಕಂಡರೆ ಮಾಲೀಕನಿಗೆ ಹೇಳಿ, ಜೊತೆಗೇ ಇನ್‌ಸ್ಪೆಕ್ಟರಿಗೂ ತಿಳಿಸಬಹುದು.

ಒಬ್ಬರೇ ಹೋಗಿ ಮೇಸ್ತ್ರಿ ಮುಂದೆ ನಿಂತರೆ ಮರುದಿನ ಕೆಲಸ ಇರುವುದಿಲ್ಲ, ಅದು ನಿಮಗೂ ಗೊತ್ತು. ಗ್ಯಾಂಗಿನ ನಾಲ್ಕೈದು ಜನ ಸೇರಿ ಸೈಟ್ ಎಂಜಿನಿಯರನ್ನು ಕೇಳಲಿ. ಬೆಲ್ಟ್ ಕೊಟ್ಟರೆ ಅಲ್ಲಿಗೆ ಮುಗಿಯಲಿಲ್ಲ. ಕೊಕ್ಕೆ ಎಲ್ಲಿಗೆ ಸಿಕ್ಕಿಸುತ್ತಾರೆ? ಸಾರ್ವೆಯ ಗಳಕ್ಕೇ ಸಿಕ್ಕಿಸಿದರೆ, ಸಾರ್ವೆ ಕುಸಿದ ದಿನ ಬೆಲ್ಟು ಮನುಷ್ಯನನ್ನೂ ಎಳೆದುಕೊಂಡೇ ಬೀಳುತ್ತದೆ. ಕಟ್ಟಡದ ಗಟ್ಟಿ ಕಂಬಕ್ಕೆ ಕಟ್ಟಿದ ಬೇರೆ ಹಗ್ಗ ಬೇಕು. ನಿಲ್ಲುವ ಹಲಗೆಯ ಎರಡೂ ತುದಿ ಬಿಗಿದಿದೆಯೇ, ಸೊಂಟದೆತ್ತರಕ್ಕೆ ಅಡ್ಡಗಳ ಇದೆಯೇ, ಮಳೆ ಬಂದ ಮರುದಿನ ಯಾರಾದರೂ ಅಲ್ಲಾಡಿಸಿ ನೋಡಿದರೇ, ಇದನ್ನೂ ಕೇಳಲಿ.

ಕಿವಿಗೆ ಹಾಕಿಕೊಳ್ಳದಿದ್ದರೆ ನೀವೇ ಕಾರ್ಮಿಕ ಸಹಾಯವಾಣಿ 155214ಕ್ಕೆ ಫೋನ್ ಮಾಡಿ. ಬರೆದ ದೂರನ್ನು ಕಾರ್ಮಿಕ ನಿರೀಕ್ಷಕರ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಹಾಜರಿ ಪುಸ್ತಕ, ಸೈಟಿನ ಬೋರ್ಡ್, ಮೊಬೈಲಿಗೆ ಬಂದ ಕೂಲಿಯ ಮೆಸೇಜ್ ಇವುಗಳ ಫೋಟೊ ಊರಲ್ಲಿರುವ ಒಬ್ಬರ ಫೋನಿನಲ್ಲೂ ಇರಲಿ. ಏನಾದರೂ ಆದರೆ ‘ಈತ ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ’ ಎನ್ನುವ ಮಾತು ಮೊದಲು ಬರುವುದು ಗುತ್ತಿಗೆದಾರನ ಬಾಯಿಂದಲೇ.